ಮೋಟಾರು ಹೋಗಿಲ್ಲ, ಉಸಿರು ಕಟ್ಟಿದೆ

ದೀಪಾವಳಿಗೆ ಇನ್ನು ಹತ್ತು ದಿನ ಇದೆ ಎನ್ನುವಾಗ ನಮ್ಮ ಮನೆಗೆ ಬಣ್ಣ ಹೊಡೆಸಿದೆವು. ಪೇಂಟರ್ ಹುಡುಗರು ಗೋಡೆಗೆ ಪುಟ್ಟಿ ಬಳಿದು, ಒಣಗಿದ ಮೇಲೆ ಎಮರಿ ಪೇಪರಿನಲ್ಲಿ ಉಜ್ಜಿದರು ನೋಡಿ, ಮನೆಯೆಲ್ಲ ಹಿಟ್ಟಿನ ಗಿರಣಿ. ಕಿಟಕಿಯ ಸರಳು, ಫ್ಯಾನಿನ ರೆಕ್ಕೆ, ದೇವರ ಗೂಡು, ಎಲ್ಲದರ ಮೇಲೂ ಬಿಳಿ ಪುಡಿ. ಪೊರಕೆ ಆಡಿಸಿದರೆ ಇಲ್ಲಿಂದ ಎದ್ದು ಅಲ್ಲಿ ಕೂರುತ್ತಿತ್ತು. ಆಗ ನೆನಪಾದದ್ದು ಸಜ್ಜೆಯ ಮೇಲಿದ್ದ ವ್ಯಾಕ್ಯೂಮ್ ಕ್ಲೀನರ್.

ಅಮ್ಮ ಅದನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವರ ಬಾಯಲ್ಲಿ ಅದು ‘ಆ ಗುಂಯ್‌ಗುಡೋ ಡಬ್ಬ’. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೆಳಗಿಳಿಸಿ, ಒರೆಸಿ, ಕುಂಕುಮ ಇಟ್ಟು, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಪಕ್ಕ ಕೂರಿಸಿ ಒಂದು ಸೇವಂತಿಗೆ ಏರಿಸುತ್ತಾರೆ. ಮಾರನೇ ದಿನ ಮತ್ತೆ ಸಜ್ಜೆಗೆ. ಈ ಸಲ ಇಳಿಸಿದಾಗ ನವರಾತ್ರಿಯ ಕುಂಕುಮ ಇನ್ನೂ ಅದರ ಹಣೆಯ ಮೇಲಿತ್ತು.

ಹತ್ತು ನಿಮಿಷ ಚೆನ್ನಾಗಿಯೇ ಓಡಿತು. ಆಮೇಲೆ ಸದ್ದು ಮೆಲ್ಲಗೆ ಏರತೊಡಗಿತು. ಗುಂಯ್ ಎನ್ನುತ್ತಿದ್ದದ್ದು ಕೀಂಯ್ ಎಂದಿತು. ನೆಲದ ಪುಡಿ ನೆಲದಲ್ಲೇ ಇದೆ, ಯಂತ್ರ ಮಾತ್ರ ಕಿರುಚುತ್ತಿದೆ. ಇನ್ನೈದು ನಿಮಿಷಕ್ಕೆ ತಟಕ್ಕನೆ ನಿಂತಿತು. ಅರ್ಧ ಗಂಟೆ ಬಿಟ್ಟು ಸ್ವಿಚ್ ಒತ್ತಿದರೆ ಮತ್ತೆ ಶುರು, ಮತ್ತೆ ಕಿರುಚಾಟ, ಮತ್ತೆ ಮೌನ.

ಸರ್ವಿಸ್ ಸೆಂಟರಿಗೆ ಫೋನು ಹೋಯಿತು. ಬಂದ ಹುಡುಗ ಸ್ವಿಚ್ ಹಾಕಿ, ಎರಡು ನಿಮಿಷ ಕೇಳಿ, ತೀರ್ಪು ಕೊಟ್ಟ: ‘ಮೋಟಾರ್ ಹೋಗಿದೆ ಮೇಡಂ. ಹೊಸ ಮೋಟಾರ್ ಹಾಕ್ಸೋ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸ ಮಷೀನೇ ಬರುತ್ತೆ. ಎಕ್ಸ್‌ಚೇಂಜ್ ಬೇರೆ ಇದೆ.’ ಸ್ಕ್ರೂಡ್ರೈವರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ. ಬಂದದ್ದಕ್ಕೆ ಚಾರ್ಜ್ ಕೊಟ್ಟು ಕಳಿಸಿದೆ.

ಇದನ್ನೆಲ್ಲ ಅಡುಗೆಮನೆಯಿಂದಲೇ ಕೇಳಿಸಿಕೊಂಡ ಅಮ್ಮ ಹೇಳಿದರು: ‘ಮೋಟಾರ್ ತಾನೇ? ಮಿಕ್ಸಿ ಅಂಗಡಿಗೆ ತೋರಿಸಬಾರದಾ?’

ನನಗೆ ನಗು ಬಂತು. ಅಮ್ಮ ಹೇಳಿದ್ದೇ ಸರಿ ಎಂದು ತಿಳಿಯಲು ಒಂದು ಮಧ್ಯಾಹ್ನ ಬೇಕಾಯಿತು.

ಮಿಕ್ಸಿಯ ಒಡಹುಟ್ಟು

ನಮ್ಮ ಬೀದಿಯ ತುದಿಯಲ್ಲಿ ಎಂಟಡಿ ಅಗಲದ ಒಂದು ಅಂಗಡಿ. ಬೋರ್ಡಿನಲ್ಲಿ ‘ಮಿಕ್ಸಿ, ಗ್ರೈಂಡರ್, ಐರನ್ ಬಾಕ್ಸ್ ರಿಪೇರಿ’ ಎಂದಷ್ಟೇ ಇದೆ. ಬೀದಿಯವರೆಲ್ಲ ಅವರನ್ನು ‘ಮಿಕ್ಸಿ ಅಣ್ಣ’ ಎನ್ನುತ್ತಾರೆ. ಡಬ್ಬ, ಪೈಪು ಎಲ್ಲ ಆಟೋದಲ್ಲಿ ಹಾಕಿಕೊಂಡು ಹೋದೆ. ಅವರು ಸ್ವಿಚ್ ಹಾಕಿ, ಕಣ್ಣು ಮುಚ್ಚಿ, ವೀಣೆಯ ಶ್ರುತಿ ನೋಡುವವರ ಹಾಗೆ ತಲೆ ವಾಲಿಸಿ ಕೇಳಿದರು.

‘ಮೋಟಾರ್ ಹೋಗಿದ್ರೆ ಹಿಂಗೆ ಕೂಗಲ್ಲ ಮೇಡಂ. ಇದಕ್ಕೆ ಉಸಿರು ಕಟ್ಟಿದೆ.’

ಅದು ಹೇಗೆ ಗೊತ್ತಾಯಿತು ಎಂದೆ. ಅವರು ಬೆಂಚಿನ ಮೇಲಿದ್ದ ಒಂದು ಮಿಕ್ಸಿಗೆ ಖಾಲಿ ಜಾರ್ ಕೂರಿಸಿ ತಿರುಗಿಸಿದರು. ಕಿವಿ ಕೊರೆಯುವ ಸದ್ದು. ಜಾರಿಗೆ ಒಂದು ಲೋಟ ನೀರು ಸುರಿದು ಮತ್ತೆ ತಿರುಗಿಸಿದರು. ಸದ್ದು ತಗ್ಗಿತು. ‘ಕೆಲಸ ಇದ್ದಾಗ ದನಿ ದಪ್ಪ. ಕೆಲಸ ಇಲ್ಲದಾಗ ಕೀರಲು. ನಿಮ್ಮ ಮಷೀನ್‌ಗೆ ಎಳೆಯೋಕೆ ಗಾಳೀನೇ ಸಿಗ್ತಿಲ್ಲ. ಖಾಲಿ ಜಾರ್ ಥರ ಓಡ್ತಿದೆ.’

ಇಡೀ ವ್ಯಾಕ್ಯೂಮ್ ಕ್ಲೀನರ್ ಶಾಸ್ತ್ರ ಆ ಒಂದು ಲೋಟ ನೀರಿನಲ್ಲಿತ್ತು. ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ಕೈ ಡ್ರಿಲ್, ಹೊಲಿಗೆ ಯಂತ್ರಕ್ಕೆ ಜೋಡಿಸುವ ಪುಟ್ಟ ಮೋಟಾರು, ಇವೆಲ್ಲ ಒಂದೇ ವಂಶ. ಯೂನಿವರ್ಸಲ್ ಮೋಟಾರ್ ಎಂದು ಅದರ ಹೆಸರು. ಎ.ಸಿ., ಡಿ.ಸಿ. ಎರಡರಲ್ಲೂ ಓಡುತ್ತದೆ, ಅದಕ್ಕೇ ಆ ಹೆಸರು. ಹೊಲದ ಪಂಪ್‌ಸೆಟ್ಟಿನ ಇಂಡಕ್ಷನ್ ಮೋಟಾರಿನ ಓಟಕ್ಕೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಲಗಾಮು ಇದೆ. ಏನೇ ಮಾಡಿದರೂ ನಿಮಿಷಕ್ಕೆ 3000 ಸುತ್ತು ದಾಟದು. ಯೂನಿವರ್ಸಲ್ ಮೋಟಾರಿಗೆ ಆ ಲಗಾಮಿಲ್ಲ. ವ್ಯಾಕ್ಯೂಮ್ ಕ್ಲೀನರಿನೊಳಗೆ ಅದು ನಿಮಿಷಕ್ಕೆ 20,000ದಿಂದ 30,000 ಸುತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಿರುಗುತ್ತದೆ. ಹೊರೆ ಕಡಿಮೆಯಾದಷ್ಟೂ ಅದರ ಓಟ ಜಾಸ್ತಿ. ದಾರಿ ಮುಚ್ಚಿ ಫ್ಯಾನಿಗೆ ತಳ್ಳಲು ಗಾಳಿ ಸಿಗದಿದ್ದಾಗ ಹೊರೆ ಇಳಿಯುತ್ತದೆ, ಸುತ್ತು ಏರುತ್ತದೆ, ದನಿ ಕೀರಲಾಗುತ್ತದೆ. ನಾವೋ ಪಾಪ ಮೋಟಾರು ಒದ್ದಾಡುತ್ತಿದೆ ಎಂದುಕೊಳ್ಳುತ್ತೇವೆ. ಅದಕ್ಕೆ ಆಗ ಕೆಲಸವೇ ಕಡಿಮೆ.

ಹಾಗಾದರೆ ಬಿಸಿಯಾಗಿ ನಿಲ್ಲುವುದೇಕೆ? ಒಣ ದೂಳು ಎಳೆಯುವ ಸಾಮಾನ್ಯ ಯಂತ್ರಗಳಲ್ಲಿ ಕಸ ಹೊತ್ತು ತಂದ ಗಾಳಿಯೇ ಸೋಸಿಕೊಂಡು ಮೋಟಾರಿನ ಮೈಮೇಲೆ ಹಾಯ್ದು ಅದನ್ನು ತಣ್ಣಗಿಡುತ್ತದೆ. ಆ ಗಾಳಿ ನಿಂತರೆ ಮೋಟಾರು ಕಾಯುತ್ತದೆ. ಕಾದದ್ದು ಮಿತಿ ಮೀರಿದಾಗ ಥರ್ಮಲ್ ಕಟ್‌ಔಟ್ ಎಂಬ ಪುಟ್ಟ ಕಾವಲುಗಾರ ಕರೆಂಟು ಕಡಿಯುತ್ತಾನೆ. ಆರಿದ ಮೇಲೆ ಮತ್ತೆ ಕೊಡುತ್ತಾನೆ. ಅರ್ಧ ಗಂಟೆಗೊಮ್ಮೆ ನಿಂತು ಓಡುತ್ತಿದ್ದ ನಮ್ಮ ಯಂತ್ರ ಹೇಳುತ್ತಿದ್ದದ್ದು ಇಷ್ಟೇ: ನನ್ನ ಮೂಗು ಬಿಡಿಸಿ.

ಒಂದು ಕರವಸ್ತ್ರದ ಕಥೆ

ಈ ಯಂತ್ರದ ಹುಟ್ಟೂ ಉಸಿರುಗಟ್ಟುವುದರಿಂದಲೇ ಆಯಿತು. 1901ರ ಲಂಡನ್. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಅಲ್ಲಿಯ ಎಂಪೈರ್ ಮ್ಯೂಸಿಕ್ ಹಾಲ್‌ನಲ್ಲಿ ಒಂದು ಹೊಸ ಯಂತ್ರದ ಪ್ರದರ್ಶನ ನೋಡಿದ. ಅದು ದೂಳನ್ನು ಊದುತ್ತಿತ್ತು. ಊದುವ ಬದಲು ಎಳೆಯಬಾರದೇಕೆ ಎಂದು ಬೂತ್ ಕೇಳಿದ; ಅದು ಆಗದ ಮಾತು ಎಂಬ ಉತ್ತರ ಬಂತು. ಬೂತ್ ಸುಮ್ಮನಾಗಲಿಲ್ಲ. ಒಂದು ಹೋಟೆಲಿನಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಬಾಯಿ ಹಚ್ಚಿ ಜೋರಾಗಿ ಎಳೆದ. ಉಸಿರು ಕಟ್ಟಿ ಕೆಮ್ಮಿದ. ಕರವಸ್ತ್ರ ತಿರುಗಿಸಿದರೆ ಇನ್ನೊಂದು ಮಗ್ಗುಲಲ್ಲಿ ಕಪ್ಪು ದೂಳಿನ ವೃತ್ತ.

ಅವನು ಕಟ್ಟಿದ ಯಂತ್ರ ಮನೆಯೊಳಗೆ ಹಿಡಿಸುವಂಥದ್ದಾಗಿರಲಿಲ್ಲ. ಕುದುರೆ ಗಾಡಿಯ ಮೇಲೆ ಬಂದು ಬೀದಿಯಲ್ಲಿ ನಿಲ್ಲುತ್ತಿತ್ತು, ಉದ್ದನೆಯ ಪೈಪುಗಳು ಕಿಟಕಿಯೊಳಗೆ ಹೋಗುತ್ತಿದ್ದವು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುಂಚೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನೆಗಳ ದೂಳು ಎಳೆದದ್ದು ಅದೇ. ಅದನ್ನು ಕೈಗೆ ಸಿಗುವ ಗಾತ್ರಕ್ಕೆ ತಂದವನು ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರೆ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ, ಜೊತೆಗೆ ಉಬ್ಬಸ. ಗುಡಿಸಿದಾಗ ಏಳುವ ದೂಳು ತಾಳದೆ 1907ರಲ್ಲಿ ಒಂದು ಫ್ಯಾನ್ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ಯಂತ್ರ ಮಾಡಿಕೊಂಡ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವನು ಚರ್ಮದ ಸರಕಿನ ವ್ಯಾಪಾರಿ ಹೂವರ್. ಮುಂದೆ ಬ್ರಿಟನ್ನಿನಲ್ಲಿ ಆ ಹೆಸರೇ ಕ್ರಿಯಾಪದವಾಯಿತು.

ನಮ್ಮಲ್ಲಿಗೆ ಅದು ಬಂದದ್ದು ಟೈ ಕಟ್ಟಿದ ಹುಡುಗರ ಕೈಯಲ್ಲಿ. 1982ರಲ್ಲಿ ಶುರುವಾದ ಯುರೇಕಾ ಫೋರ್ಬ್ಸ್ ಕಂಪನಿಯ ಮಾರಾಟಗಾರರು ಮನೆ ಮನೆಯ ಬಾಗಿಲು ತಟ್ಟಿದರು. ಜಯನಗರ, ಮಲ್ಲೇಶ್ವರ, ಮೈಸೂರಿನ ಸರಸ್ವತಿಪುರಂ ಕಡೆ ಬೆಳೆದವರಿಗೆ ಆ ಪ್ರದರ್ಶನ ನೆನಪಿರಬಹುದು. ಹಾಸಿಗೆಯ ಮೇಲೆ ಒಮ್ಮೆ ಆಡಿಸಿ, ಪೈಪಿನ ಬಾಯಿಗೆ ಕಟ್ಟಿದ ಬಿಳಿ ಬಟ್ಟೆ ಬಿಚ್ಚಿ ತೋರಿಸುವುದು. ‘ನೋಡಿ ಮೇಡಂ, ನೀವು ದಿನಾ ಇದರ ಮೇಲೆ ಮಲಗ್ತೀರ.’ ಆ ಬಟ್ಟೆ ನೋಡಿದ ಮೇಲೆ ಬೇಡ ಎನ್ನುವ ಧೈರ್ಯ ಎಷ್ಟು ತಾಯಂದಿರಿಗಿತ್ತು? ಬೂತ್‌ನ ಕರವಸ್ತ್ರವೇ ಎಂಬತ್ತು ವರ್ಷದ ಮೇಲೆ ನಮ್ಮ ನಡುಮನೆಗೆ ಬಂದಿತ್ತು.

ಕೊಂಡದ್ದೇನೋ ಆಯಿತು. ಆದರೆ ರತ್ನಗಂಬಳಿ ಹಾಸಿದ ಮನೆಗಳಿಗಾಗಿ ಹುಟ್ಟಿದ ಯಂತ್ರಕ್ಕೆ ರೆಡ್‌ಆಕ್ಸೈಡ್, ಮೊಸಾಯಿಕ್ ನೆಲದ ಮನೆಗಳಲ್ಲಿ ದಿನದ ಕೆಲಸ ಸಿಗಲಿಲ್ಲ. ಗುಡಿಸಿ, ನೀರು ಹಾಕಿ ಒರೆಸಿದರೆ ಇಲ್ಲಿ ನೆಲ ಚೊಕ್ಕ. ಹಾಗಾಗಿ ಅದು ಹಬ್ಬಕ್ಕೆ ಇಳಿಯುವ, ಇಳಿದಾಗಲೆಲ್ಲ ಭಾರೀ ಕೆಲಸ ಹೇಳಿಸಿಕೊಳ್ಳುವ ಯಂತ್ರವಾಯಿತು. ಕೆಡುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮಾವಿನೆಲೆ ಸಿಕ್ಕಿತು

ಮಿಕ್ಸಿ ಅಣ್ಣ ಪ್ಲಗ್ ಕಿತ್ತು, ತಂತಿಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೇರೆ ಯಾರೂ ತಿಳಿಯದೆ ಚುಚ್ಚಬಾರದಲ್ಲ. ಮೊದಲು ಯಂತ್ರದಿಂದ ಪೈಪು ಬಿಡಿಸಿದರು. ಆಮೇಲೆ ಪ್ಲಗ್ ಹಾಕಿ, ಸ್ವಿಚ್ ಒತ್ತಿ, ಯಂತ್ರದ ಬಾಯಿಗೆ ಅಂಗೈ ಹಿಡಿದರು. ಎಳೆತ ಇತ್ತು, ಆದರೆ ಸೋತ ಎಳೆತ. ಪೈಪು ಸಿಕ್ಕಿಸಿ ಅದರ ತುದಿಗೆ ಅಂಗೈ ಹಿಡಿದರೆ ಏನೂ ಇಲ್ಲ. ‘ಎರಡು ಕಡೆ ಕಟ್ಟಿದೆ. ಒಂದು ಒಳಗೆ, ಒಂದು ಪೈಪಲ್ಲಿ.’

ಪೈಪಿನ ಪರೀಕ್ಷೆಗೆ ಅವರು ಬಳಸಿದ್ದು ಒಂದು ಗೋಲಿ. ಪೈಪನ್ನು ನೆಟ್ಟಗೆ ಎತ್ತಿ ಹಿಡಿದು ಮೇಲಿನಿಂದ ಬಿಟ್ಟರು. ಗೋಲಿ ಗಡಗಡ ಉರುಳಿ ಹಿಡಿಕೆಯ ಬಾಗಿನಲ್ಲಿ ನಿಂತುಬಿಟ್ಟಿತು. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹೊದಿಕೆಯ ತಂತಿಯ ತುದಿಯನ್ನು ದುಂಡಗೆ ಮಡಚಿ ಹಿಮ್ಮುಖವಾಗಿ ತೂರಿಸಿದರು. ಚೂಪು ತುದಿ ಪೈಪು ಹರಿಯುತ್ತದೆ ಎಂದು ಆ ಮಡಿಕೆ. ಎರಡು ಸಲ ಎಳೆದಾಗ ಬಂತು ನೋಡಿ: ಗೋಲಿ, ಅದರ ಹಿಂದೆ ಕೂದಲು, ನೂಲು, ಊದುಬತ್ತಿ ಕಡ್ಡಿ ಸುತ್ತಿಕೊಂಡ ಹೆಬ್ಬೆರಳು ಗಾತ್ರದ ಉಂಡೆ. ಉಂಡೆ ಬಿಡಿಸಿದರೆ ನಡುವೆ ಅಡ್ಡಡ್ಡ ಸಿಕ್ಕಿಕೊಂಡ ಒಂದು ಹಸಿರು ಪ್ಲಾಸ್ಟಿಕ್ ಮಾವಿನೆಲೆ. ನಮ್ಮ ಹೊಸ್ತಿಲ ಮೇಲಿನ ತೋರಣದ್ದು. ಎಲೆ ಯಾವಾಗ ಉದುರಿತೋ, ಯಾವ ಹಬ್ಬದಲ್ಲಿ ನುಂಗಿತೋ. ಅಂದಿನಿಂದ ಹೋದ ಕೂದಲೆಲ್ಲ ಅದಕ್ಕೆ ತೊಡರಿಕೊಂಡು ಗೂಡು ಕಟ್ಟಿದೆ.

ಒಳಗಿನದು ಪುಟ್ಟಿಯ ಪುಡಿ. ಬಟ್ಟೆಯ ಚೀಲದಲ್ಲಿ ಕಸ ಕಾಲು ಭಾಗವೂ ಇರಲಿಲ್ಲ. ‘ಚೀಲ ಖಾಲಿ ಇದೆಯಲ್ಲ’ ಎಂದೆ. ಅವರು ಚೀಲವನ್ನು ಬೆಳಕಿಗೆ ಹಿಡಿದರು. ಬೆಳಕು ತೂರಲಿಲ್ಲ. ಚೀಲವೇ ಜರಡಿ, ಕಸ ಒಳಗೆ ನಿಂತು ಗಾಳಿ ಬಟ್ಟೆಯ ಕಣ್ಣುಗಳಿಂದ ಹೊರಬರಬೇಕು. ಕೂದಲು, ಕಾಗದದ ಚೂರು ಎಷ್ಟು ತುಂಬಿದರೂ ಕಣ್ಣು ಮುಚ್ಚುವುದಿಲ್ಲ. ಪುಟ್ಟಿ, ಸಿಮೆಂಟು, ರಂಗೋಲಿ ಪುಡಿ, ಊದುಬತ್ತಿಯ ಬೂದಿ ಇವು ಎರಡು ಚಮಚ ಸಾಕು. ಚೀಲದ ಹಿಂದೆ, ಮೋಟಾರಿನ ಮುಂದೆ ಇದ್ದ ಸ್ಪಂಜಿನ ಫಿಲ್ಟರ್ ಬಿಳಿ ರೊಟ್ಟಿಯಾಗಿತ್ತು. ಅದನ್ನು ನಲ್ಲಿಯ ಕೆಳಗೆ ಹಿಡಿಯಲು ನಾನು ಕೈ ಚಾಚಿದೆ. ‘ನಿಲ್ಲಿ ಮೇಡಂ. ನೀರು ಬಿದ್ರೆ ಹಿಟ್ಟು ನಾದಿದ ಹಂಗಾಗುತ್ತೆ. ಮೊದಲು ಒಣಗಿದ್ದನ್ನ ಬಡೀಬೇಕು.’ ಅಂಗಡಿ ಮುಂದಿನ ಕಲ್ಲಿಗೆ ಮೆಲ್ಲಗೆ ಬಡಿದರು, ಪೇಂಟ್ ಬ್ರಶ್‌ನಲ್ಲಿ ಝಾಡಿಸಿದರು, ಆಮೇಲೆ ನೀರು.

ಚೀಲ ಹೀಗೆ ಕಣ್ಣು ಮುಚ್ಚಿಕೊಳ್ಳುವ ಕಾಟವೇ ಇಂಗ್ಲೆಂಡಿನ ಜೇಮ್ಸ್ ಡೈಸನ್‌ನನ್ನು 1970ರ ದಶಕದ ಕೊನೆಯಲ್ಲಿ ಕಾಡಿತು. ಮರದ ಕಾರ್ಖಾನೆಯ ಮಾಡಿನ ಮೇಲೆ ಹೊಟ್ಟನ್ನು ಗಾಳಿಯಿಂದ ಬೇರೆ ಮಾಡುವ ಆಲಿಕೆಯಾಕಾರದ ಸೈಕ್ಲೋನ್ ನೋಡಿ, ಅದನ್ನೇ ಮನೆಯ ಯಂತ್ರದೊಳಗೆ ಇಳಿಸಲು ಹೊರಟ. ಸರಿಯಾದದ್ದು ಸಿಗುವ ಹೊತ್ತಿಗೆ ಮಾದರಿಗಳ ಲೆಕ್ಕ 5127 ಆಗಿತ್ತು. ಗಂಗಾವತಿ ಕಡೆಯ ಅಕ್ಕಿ ಗಿರಣಿಗಳ ನೆತ್ತಿಯ ಮೇಲೆ ತಗಡಿನ ಆಲಿಕೆ ನೋಡಿದ್ದರೆ ಅದೇ ಸೈಕ್ಲೋನ್. ಈಗ ಚೀಲವಿಲ್ಲದ ಪಾರದರ್ಶಕ ಡಬ್ಬದ ಯಂತ್ರಗಳೆಲ್ಲ ಅದರ ಮಕ್ಕಳು. ಆದರೂ ಅವುಗಳಲ್ಲೂ ಮೋಟಾರಿನ ಮುಂದೆ ಒಂದು ಫಿಲ್ಟರ್ ಇದ್ದೇ ಇದೆ. ಅದನ್ನು ಯಾರೂ ತೆಗೆದು ನೋಡುವುದಿಲ್ಲ.

ಸದ್ದೇ ರೋಗದ ಹೆಸರು

ಆ ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಕಿವಿಯಿಂದ ಶುರು ಮಾಡಬೇಕು.

ಕೀರಲು ದನಿ, ಎಳೆತ ಇಲ್ಲ: ದಾರಿ ಮುಚ್ಚಿದೆ. ನೆಲಕ್ಕೆ ತಾಗುವ ಬ್ರಶ್, ಕೊಳವೆ, ಪೈಪು, ಚೀಲ, ಫಿಲ್ಟರ್ ಈ ಕ್ರಮದಲ್ಲಿ ಒಂದೊಂದನ್ನೇ ಬಿಡಿಸುತ್ತಾ ಅಂಗೈ ಹಿಡಿದು ನೋಡಿ. ಯಾವುದನ್ನು ತೆಗೆದಾಗ ಎಳೆತ ಮರಳಿತೋ ಅಲ್ಲಿದೆ ಕಸ.

ದನಿ ಎಂದಿನಂತಿದೆ, ಎಳೆತ ಕಡಿಮೆ: ಎಲ್ಲೋ ಗಾಳಿ ಸೋರುತ್ತಿದೆ. ಹಿಡಿಕೆಯ ಮೇಲೆ ಎಳೆತ ತಗ್ಗಿಸಲು ಒಂದು ಪುಟ್ಟ ಕಿಂಡಿ ಇರುತ್ತದೆ. ಪರದೆಯ ದೂಳು ತೆಗೆಯುವಾಗ ತೆರೆದವರು ಮುಚ್ಚಲು ಮರೆತಿರುತ್ತಾರೆ. ಅದಾದ ಮೇಲೆ ಪೈಪಿನ ಮಡಿಕೆಗಳಲ್ಲಿ ಸೀಳು ಹುಡುಕಿ, ಮುಚ್ಚಳದ ರಬ್ಬರ್ ಪಟ್ಟಿ ನೋಡಿ. ಪೈಪಿನ ತುದಿಯಲ್ಲಿ ಸೀಳಿದ್ದರೆ ಅಷ್ಟು ಕತ್ತರಿಸಿ ಮತ್ತೆ ಕೂರಿಸಬಹುದು. ನಡುವೆ ಸೀಳಿದ್ದರೆ ಟೇಪ್ ಸುತ್ತುವುದು ತಾತ್ಕಾಲಿಕ.

ದನಿಯೇ ಇಲ್ಲ: ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡುವುದು ಮೊದಲ ಕೆಲಸ. ಸಾಕೆಟ್ ಸರಿ ಇದ್ದರೆ ತಂತಿಯ ಮೇಲೆ ಅನುಮಾನ. ನಾವು ಪ್ಲಗ್ ಹಿಡಿದು ಕೀಳುವುದಿಲ್ಲ, ದೂರದಿಂದಲೇ ತಂತಿ ಜಗ್ಗುತ್ತೇವೆ. ಹಾಗಾಗಿ ಒಳಗಿನ ಎಳೆ ತುಂಡಾಗುವುದು ಹೆಚ್ಚಾಗಿ ಪ್ಲಗ್ಗಿನ ಕುತ್ತಿಗೆಯಲ್ಲಿ, ಇಲ್ಲವೇ ತಂತಿ ಯಂತ್ರದೊಳಗೆ ಹೊಗುವ ಜಾಗದಲ್ಲಿ. ಮಿಕ್ಸಿ ಅಣ್ಣ ಇದನ್ನು ಸೀರೀಸ್ ಬಲ್ಬಿನಲ್ಲಿ ಪತ್ತೆ ಮಾಡುತ್ತಾರೆ. ಮನೆಯಲ್ಲಿ ಪ್ಲಗ್ ಕಿತ್ತಿಟ್ಟು ಮಲ್ಟಿಮೀಟರಿನಲ್ಲಿ ನೋಡಬಹುದು. ತಂತಿ, ಸ್ವಿಚ್ ಎರಡೂ ಸರಿ ಇದ್ದು, ಆರಿದ ಮೇಲೂ ಯಂತ್ರ ಮೂಕವಾಗಿದ್ದರೆ ಥರ್ಮಲ್ ಫ್ಯೂಸ್ ಸುಟ್ಟಿದೆ, ಇಲ್ಲವೇ ಮೋಟಾರಿಗೆ ಕರೆಂಟು ದಾಟಿಸುವ ಕಾರ್ಬನ್ ಸವೆದಿದೆ.

ಗರಗರ, ಕರಕರ: ಬ್ರಶ್ಶಿಗೆ ಕೂದಲು ಸುತ್ತಿದ್ದರೆ ಕತ್ತರಿ ಸಾಕು. ಸದ್ದು ಯಂತ್ರದ ಹೊಟ್ಟೆಯಿಂದಲೇ ಬರುತ್ತಿದ್ದರೆ ಬೇರಿಂಗ್ ಸವೆದಿದೆ ಇಲ್ಲವೇ ಕಲ್ಲೋ ಸ್ಕ್ರೂವೋ ಫ್ಯಾನಿಗೆ ಸಿಕ್ಕಿದೆ. ಅಷ್ಟು ವೇಗದಲ್ಲಿ ತಿರುಗುವ ಫ್ಯಾನಿನ ಜೊತೆ ಆಟ ಬೇಡ, ಅಂಗಡಿಗೆ ಕೊಡಿ.

ತಂತಿ ಇಲ್ಲದ ಬ್ಯಾಟರಿ ಯಂತ್ರ ಓಡಿ ನಿಂತು, ಓಡಿ ನಿಂತು ತಡವರಿಸಿದರೆ ಬಹುಪಾಲು ಅದೂ ಉಸಿರಿನ ತೊಂದರೆಯೇ. ಪೂರ್ತಿ ಚಾರ್ಜ್ ಮಾಡಿದರೂ ಎರಡೇ ನಿಮಿಷ ಓಡುವುದಾದರೆ ಬ್ಯಾಟರಿಯ ಆಯಸ್ಸು ಮುಗಿದಿದೆ. ರೋಬೊ ಯಂತ್ರ ಕಪ್ಪು ನೆಲದ ಅಂಚಿಗೆ ಬಂದು ಹಿಂದೆ ಸರಿದರೆ ಅದು ಕೆಟ್ಟಿಲ್ಲ. ಮೆಟ್ಟಿಲಿಂದ ಬೀಳದಿರಲು ಅದರ ಹೊಟ್ಟೆಯಲ್ಲಿ ಇನ್‌ಫ್ರಾರೆಡ್ ಕಣ್ಣುಗಳಿವೆ. ಕಪ್ಪು ಕಡಪ ಕಲ್ಲು ಆ ಬೆಳಕನ್ನು ಹಿಂದಿರುಗಿಸದಿದ್ದರೆ ಮುಂದೆ ಹಳ್ಳವಿದೆ ಎಂದು ಅದು ಹೆದರುತ್ತದೆ. ಬೆಳಗಿನ ರಂಗೋಲಿಯನ್ನು ಮಾತ್ರ ಯಾವ ಹೆದರಿಕೆಯೂ ಇಲ್ಲದೆ ನುಂಗುತ್ತದೆ.

ಎರಡು ಕಡ್ಡಿ ಕಾರ್ಬನ್

ಅಂದು ಯಂತ್ರ ಕೊಡುವಾಗ ಮಿಕ್ಸಿ ಅಣ್ಣ ಒಂದು ಮಾತು ಹೇಳಿದ್ದರು: ‘ಕಾರ್ಬನ್ ಸವೆದಿದೆ. ಯುಗಾದಿ ತನಕ ಬರುತ್ತೆ.’ ಪಂಚಾಂಗ ನೋಡಿ ಹೇಳಿದಂತಿತ್ತು. ಯುಗಾದಿಯ ಹಿಂದಿನ ವಾರ ಯಂತ್ರದ ಕಿಂಡಿಯಲ್ಲಿ ಕಿತ್ತಳೆ ಬಣ್ಣದ ಕಿಡಿ ಕಂಡಿತು, ಸುಟ್ಟ ವಾಸನೆ ಬಂತು, ನಿಂತಿತು. ಮೇಲೆ ಮೆಲ್ಲಗೆ ತಟ್ಟಿದರೆ ಒಂದು ಕ್ಷಣ ಓಡಿ ಮತ್ತೆ ನಿಂತಿತು.

ಮೋಟಾರಿನೊಳಗೆ ತಿರುಗುವ ಭಾಗವಾದ ಆರ್ಮೆಚರಿಗೆ ಕರೆಂಟು ಕೊಡುವುದು ಹೇಗೆ? ತಂತಿ ಕಟ್ಟಿದರೆ ಸುತ್ತಿಕೊಂಡು ಹರಿಯುತ್ತದೆ. ಅದಕ್ಕೆ ಆರ್ಮೆಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳ ಒಂದು ಬಳೆ, ಕಮ್ಯುಟೇಟರ್. ಅದರ ಎರಡೂ ಮಗ್ಗುಲಿಗೆ ಸ್ಪ್ರಿಂಗ್ ಒತ್ತಿ ಹಿಡಿದ ಎರಡು ಕಾರ್ಬನ್ ತುಂಡು. ಓಡುವ ತಾಮ್ರಕ್ಕೆ ಉಜ್ಜುತ್ತಾ ಕರೆಂಟು ದಾಟಿಸುವುದು, ದಾಟಿಸುತ್ತಾ ತಾನು ಸವೆಯುವುದು ಅದರ ಕಸುಬು. ಸಣ್ಣ ನೀಲಿ ಕಿಡಿ ಸಹಜ. ಕಿಡಿ ದೊಡ್ಡದಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿ ಬಳೆಯ ಸುತ್ತ ಹರಿದಾಡಿದರೆ ಕಾರ್ಬನ್ ಮುಗಿದಿದೆ ಎಂದರ್ಥ. ತಡ ಮಾಡಿದರೆ ಕಮ್ಯುಟೇಟರೇ ಸುಡುತ್ತದೆ. ಆಗ ನಿಜಕ್ಕೂ ‘ಮೋಟಾರ್ ಹೋಗಿದೆ’.

ಈ ಸಲ ಸ್ಕ್ರೂಡ್ರೈವರ್ ನಾನೇ ಹಿಡಿದೆ. ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಂಡೆ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ, ಬಿಚ್ಚಿದ ಸ್ಕ್ರೂಗಳಿಗೆ ಇಡ್ಲಿ ತಟ್ಟೆ. ಒಂದೊಂದು ಗುಳಿಗೆ ಒಂದೊಂದು ಹಂತದ ಸ್ಕ್ರೂ, ಬಿಚ್ಚಿದ ಕ್ರಮದಲ್ಲಿ. ಹಳೆಯ ಕಾರ್ಬನ್ ಹೊರಬಂದಾಗ ಅಂಗೈಯಲ್ಲಿ ಒಂದು ಹುಣಸೆ ಬೀಜದಷ್ಟಿತ್ತು. ಅದನ್ನೇ ಪೊಟ್ಟಣ ಕಟ್ಟಿಕೊಂಡು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದೆ. ಅಲ್ಲಿ ಕಂಪನಿ, ಮಾಡೆಲ್ ಎಂದು ಹೇಳಿದರೆ ತಲೆ ಅಲ್ಲಾಡಿಸುತ್ತಾರೆ. ಹಳೆಯ ತುಂಡು ತೋರಿಸಿದರೆ ಅಗಲ, ದಪ್ಪ ನೋಡಿ ಡಬ್ಬಿ ತೆರೆಯುತ್ತಾರೆ. ಒಂದು ಜೊತೆ ಕಾರ್ಬನ್‌ಗೆ ಕೊಟ್ಟದ್ದು ಹೋಟೆಲಿನಲ್ಲಿ ಇಬ್ಬರು ಮಸಾಲೆ ದೋಸೆ, ಕಾಫಿ ಮುಗಿಸುವಷ್ಟು ದುಡ್ಡು. ಯಾವಾಗಲೂ ಜೊತೆಯನ್ನೇ ಬದಲಾಯಿಸಬೇಕು. ಒಂದು ಹೊಸದು, ಒಂದು ಹಳೆಯದು ಸರಿಬಾರದು.

ಹೊಸ ಕಾರ್ಬನ್‌ನ ಮುಖ ಚಪ್ಪಟೆ, ತಾಮ್ರದ ಬಳೆ ದುಂಡು. ಒಂದಕ್ಕೊಂದು ಒಗ್ಗಲು ಸಮಯ ಬೇಕು. ಪೈಪು ಸಿಕ್ಕಿಸದೆ ಹತ್ತು ನಿಮಿಷ ಸುಮ್ಮನೆ ಓಡಿಸಿದೆ. ಮೊದಲ ನಿಮಿಷ ಕಿಡಿ, ವಾಸನೆ, ಎದೆ ಡವಡವ. ಐದನೇ ನಿಮಿಷಕ್ಕೆ ಕಿಡಿ ತಗ್ಗಿ ನೀಲಿಯಾಯಿತು.

ಕೆಲಸ ಮುಗಿದ ಮೇಲೆ ಅಮ್ಮ ತಮ್ಮ ಬಿಳಿ ಕರವಸ್ತ್ರ ತಂದು ಯಂತ್ರದ ಬೆನ್ನಿನ, ಗಾಳಿ ಹೊರಬೀಳುವ ಕಿಂಡಿಗೆ ಹಿಡಿದರು. ಮಿಕ್ಸಿ ಅಣ್ಣ ಹೇಳಿಕೊಟ್ಟ ಕೊನೆಯ ಪರೀಕ್ಷೆ ಅದು. ಅಲ್ಲಿ ಬಟ್ಟೆ ಕೊಳೆಯಾದರೆ ಚೀಲ ಹರಿದಿದೆ, ಇಲ್ಲವೇ ಫಿಲ್ಟರ್ ಸರಿಯಾಗಿ ಕೂತಿಲ್ಲ. ಎಳೆದ ದೂಳು ಮೋಟಾರಿನ ಮೇಲೆ ಹಾಯ್ದು ಮತ್ತೆ ಮನೆಗೇ ಬರುತ್ತಿದೆ ಎಂದರ್ಥ. ನಮ್ಮ ಕರವಸ್ತ್ರ ಬೆಳ್ಳಗಿತ್ತು.

ಮಾಡಬಾರದ ಕೆಲವು

ಒಣ ಯಂತ್ರದಿಂದ ನೀರು ಎಳೆಯಬೇಡಿ. ಅದರ ಗಾಳಿಯ ದಾರಿಯೂ ಮೋಟಾರಿನ ಜಾಗವೂ ಒಂದೇ. ನೀರು ಎಳೆಯುವ ಯಂತ್ರಗಳಲ್ಲಿ ಮೋಟಾರನ್ನು ತಣ್ಣಗಿಡಲು ಬೇರೆಯೇ ಗಾಳಿಯ ದಾರಿ ಇರುತ್ತದೆ. ದೀಪಾವಳಿಯ ಪಟಾಕಿ ಕಸ, ಹೋಮದ ಬೂದಿ ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇದ್ದೀತು. ಕಾಗದದ ಚೀಲದೊಳಗೆ ಅದಕ್ಕೆ ಗಾಳಿಯೂ ಸಿಗುತ್ತದೆ. 1400 ವಾಟ್‌ನ ಯಂತ್ರ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ, ಟಿ.ವಿ., ಸೆಟ್‌ಟಾಪ್ ಬಾಕ್ಸಿನ ಸಣ್ಣ ಎಕ್ಸ್‌ಟೆನ್ಷನ್ ಬೋರ್ಡಿಗೆ ಅದನ್ನು ಸಿಕ್ಕಿಸುವುದು ತಂತಿ ಸುಡಲು ಆಹ್ವಾನ. ಯಂತ್ರದ ತಂತಿಯನ್ನು ಹಳದಿ ಗುರುತಿನ ತನಕ ಎಳೆಯಿರಿ, ಕೆಂಪು ಗುರುತು ದಾಟಬೇಡಿ. ಸುರುಳಿಯಲ್ಲೇ ಉಳಿದ ತಂತಿ ಬಿಸಿಯಾಗುತ್ತದೆ, ಪೂರ್ತಿ ಜಗ್ಗಿದ ತಂತಿ ಬುಡದಲ್ಲೇ ಕಿತ್ತುಬರುತ್ತದೆ. ಸೂಕ್ಷ್ಮ ದೂಳು ಹಿಡಿಯುವ ಹೆಪಾ ಫಿಲ್ಟರ್ ಮೇಲೆ ತೊಳೆಯಬಹುದು ಎಂದು ಬರೆದಿದ್ದರೆ ಮಾತ್ರ ತೊಳೆಯಿರಿ.

ಕೊಳ್ಳುವಾಗ ವಾಟ್ ನೋಡಿ ಮರುಳಾಗಬೇಡಿ. ವಾಟ್ ಎಂದರೆ ಯಂತ್ರ ತಿನ್ನುವ ಕರೆಂಟು, ಎಳೆಯುವ ಶಕ್ತಿಯಲ್ಲ. ಯುರೋಪಿನ ಒಕ್ಕೂಟ 2014ರ ಸೆಪ್ಟೆಂಬರಿನಲ್ಲಿ 1600 ವಾಟ್ ಮೀರಿದ ವ್ಯಾಕ್ಯೂಮ್ ಕ್ಲೀನರ್‌ಗಳನ್ನೂ 2017ರಲ್ಲಿ 900 ವಾಟ್ ಮುಟ್ಟಿದವನ್ನೂ ಮಾರುಕಟ್ಟೆಯಿಂದ ಹೊರಗಿಟ್ಟಿತು. ಅದೇ ನಿಯಮ ಇನ್ನೆರಡು ಮಾತು ಹೇಳುತ್ತದೆ: ಪೈಪು 40,000 ಸಲ ಬಾಗಿದರೂ ಬಳಕೆಗೆ ಬರಬೇಕು, ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು. ವಾರಕ್ಕೆ ಅರ್ಧ ಗಂಟೆ ಬಳಸುವ ಮನೆಯಲ್ಲಿ 500 ಗಂಟೆ ಎಂದರೆ ಹತ್ತೊಂಬತ್ತು ವರ್ಷ. ಹಬ್ಬಕ್ಕೆ ಮಾತ್ರ ಇಳಿಸುವ ನಮ್ಮಂಥ ಮನೆಗಳಲ್ಲಿ ಮೊಮ್ಮಕ್ಕಳ ಕಾಲಕ್ಕೂ ಬರಬೇಕು.

ನಮ್ಮಲ್ಲೂ ಗಾಳಿ ಸ್ವಲ್ಪ ಬದಲಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು. ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ ತೆರೆಯಿತು. ಆಮ್‌ಸ್ಟರ್‌ಡಾಮಿನಲ್ಲಿ 2009ರಲ್ಲಿ ಹುಟ್ಟಿದ ರಿಪೇರಿ ಕೆಫೆಯ ಪದ್ಧತಿ 2015ರಿಂದ ಬೆಂಗಳೂರಿನಲ್ಲೂ ಇದೆ. ಕೆಟ್ಟದ್ದನ್ನು ತಂದು, ಬಲ್ಲವರ ಪಕ್ಕ ಕೂತು, ತಾವೇ ಸರಿ ಮಾಡಿಕೊಳ್ಳುವ ಕೂಟ ಅದು. ಇನ್ನು ನಿಜವಾಗಿಯೂ ಆಯಸ್ಸು ಮುಗಿದ ಯಂತ್ರವನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಕೂಡ ಇದೆ.

ಆದರೆ ಹಕ್ಕು, ನಿಯಮಗಳಿಗಿಂತ ಮೊದಲು ಬೇಕಾದದ್ದು ಎರಡು ನಿಮಿಷದ ತಾಳ್ಮೆ. ಈ ಭಾನುವಾರ ನಿಮ್ಮ ಸಜ್ಜೆಯ ಡಬ್ಬವನ್ನು ಒಮ್ಮೆ ಇಳಿಸಿ. ಪೈಪು ಬಿಡಿಸಿ, ಸ್ವಿಚ್ ಹಾಕಿ, ಬಾಯಿಗೆ ಅಂಗೈ ಹಿಡಿದು ಅದರ ದನಿ ಕೇಳಿ. ಆಮೇಲೆ ಪ್ಲಗ್ ಕಿತ್ತು ಚೀಲ, ಫಿಲ್ಟರ್ ತೆಗೆದು ನೋಡಿ. ತೊಳೆದ ಫಿಲ್ಟರನ್ನು ನೆರಳಿನಲ್ಲಿ ಇಡೀ ಒಂದು ದಿನ ಒಣಗಲು ಬಿಡಿ. ಒದ್ದೆ ಫಿಲ್ಟರ್ ಹಾಕಿ ಓಡಿಸಿದರೆ ಮೋಟಾರು ನಿಜವಾಗಿಯೂ ಹೋಗುತ್ತದೆ.